ಹೆಬ್ಬೆರಳು ಎತ್ತಿ ಕೆಟ್ಟೆ: ತುಲಂಬೆನ್‌ನ ಹಡಗಿನಲ್ಲಿ ನನ್ನ ಮೊದಲ ಡೈವ್

ನನಗೆ ಈಜು ಅಷ್ಟಕ್ಕಷ್ಟೆ. ಊರ ಕೆರೆಯಲ್ಲಿ ಕಲಿತದ್ದು. ಆದರೂ ಬಾಲಿಗೆ ಹೋದಾಗ ತುಲಂಬೆನ್‌ನಲ್ಲಿ ಮುಳುಗಿರುವ ಹಡಗು ನೋಡಿ ಬಂದೆ. ಅಲ್ಲಿ ದೋಣಿ ಬೇಕಿಲ್ಲ. ದಡದಿಂದ ಸುಮಾರು 30 ಮೀಟರ್ ಹೋದರೆ ಹಡಗು. ಮೇಲಿನ ತುದಿ 5 ಮೀಟರ್ ಆಳದಲ್ಲೇ ಸಿಗುತ್ತದೆ, ಕೆಳಗಿನದು 30ರ ಹತ್ತಿರ. ನನ್ನಂಥ ಡೈವಿಂಗ್ ಸರ್ಟಿಫಿಕೇಟ್ ಇಲ್ಲದವರಿಗೆ 12 ಮೀಟರೇ ಗಡಿ.

ಇದು ಅಮೆರಿಕದ ಸರಕು ಹಡಗು, ಹೆಸರು ಲಿಬರ್ಟಿ. 1942ರ ಜನವರಿಯಲ್ಲಿ ಜಪಾನಿನ ಸಬ್‌ಮರೀನ್ ಟಾರ್ಪಿಡೊ ಹೊಡೆಯಿತು. ಎಳೆದು ತಂದು ಈ ದಡಕ್ಕೆ ಹತ್ತಿಸಿದರು. ಇಪ್ಪತ್ತೊಂದು ವರ್ಷ ಇಲ್ಲೇ ಬಿದ್ದಿತ್ತು. 1963ರಲ್ಲಿ ಆಗುಂಗ್ ಜ್ವಾಲಾಮುಖಿ ಸಿಡಿದಾಗ ನೆಲ ಅದುರಿ, ನೀರಿಗೆ ಜಾರಿತು.

ನಿಜವಾದ ಕಷ್ಟ ಹಡಗಲ್ಲ, ದಡ. ಮರಳಿಲ್ಲ, ಬರೀ ಉರುಟು ಕರಿಕಲ್ಲು. ಬೆನ್ನಿಗೆ ಸಿಲಿಂಡರ್, ಸೊಂಟಕ್ಕೆ ಸೀಸದ ತೂಕ, ಕಾಲಡಿ ಕಲ್ಲು ಉರುಳುತ್ತಿದೆ. ನಾನು ಕುಡಿದವನ ಹಾಗೆ ಓಲಾಡುತ್ತಿದ್ದರೆ, ಪಕ್ಕದಲ್ಲಿ ಊರಿನ ಹೆಂಗಸೊಬ್ಬರು ತಲೆ ಮೇಲೆ ಸಿಲಿಂಡರ್ ಹೊತ್ತು ಸಲೀಸಾಗಿ ನಡೆದು ಹೋದರು. ಫಿನ್ಸ್, ಅಂದರೆ ಪಾದಕ್ಕೆ ತೊಡುವ ಈಜುರೆಕ್ಕೆ, ದಡದಲ್ಲಿ ಹಾಕಬೇಡಿ. ಎದೆಮಟ್ಟ ನೀರಿಗೆ ಹೋಗಿ, ಗೈಡ್ ಹೆಗಲು ಹಿಡಿದು ಹಾಕಿಕೊಳ್ಳಿ.

ಅಲ್ಲೇ ಮೊದಲು ಅರ್ಧ ಗಂಟೆ ಅಭ್ಯಾಸ ಮಾಡಿಸಿದರು. ಬಾಯಲ್ಲೇ ಉಸಿರಾಡುವುದು, ಮಾಸ್ಕಿಗೆ ನುಗ್ಗಿದ ನೀರನ್ನು ಮೂಗಿನಿಂದ ಊದಿ ಹೊರಹಾಕುವುದು. ಉಸಿರು ಕಟ್ಟಬಾರದು, ಇದನ್ನಂತೂ ಹತ್ತು ಸಲ ಹೇಳಿದರು. ಉಸಿರು ಹಿಡಿದು ಮೇಲೆ ಬಂದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶಕ್ಕೇ ಪೆಟ್ಟು.

ಇಳಿಯುವಾಗ ಮೂರು ಮೀಟರಿಗೇ ಕಿವಿ ಚುಚ್ಚಿತು. ಮೂಗು ಹಿಡಿದು ಮೆಲ್ಲಗೆ ಊದಿದೆ, ಬಿಡಲಿಲ್ಲ. ಒಂದು ಮೀಟರ್ ಮೇಲೆ ಬಂದು ಮತ್ತೆ ಊದಿದೆ. ಟಿಕ್ ಅಂತ ಬಿಟ್ಟುಕೊಂಡಿತು. ನೋವು ಶುರುವಾಗುವ ಮೊದಲೇ, ಮಾರು ಮಾರಿಗೂ ಊದುತ್ತಾ ಹೋಗಬೇಕಿತ್ತು. ನೆಗಡಿ ಇದ್ದರೆ ಆ ದಿನ ಬಿಟ್ಟುಬಿಡಿ.

ಆಮೇಲೆ ನೀಲಿಯೊಳಗಿಂದ ಕಪ್ಪಗೆ ಎದ್ದು ಬಂತು ಹಡಗು. ತುಕ್ಕು ಕಾಣುವುದೇ ಇಲ್ಲ, ಮೈತುಂಬ ಹವಳ. ಸಂಭ್ರಮಕ್ಕೆ ಗೈಡಿನತ್ತ ತಿರುಗಿ ಹೆಬ್ಬೆರಳು ಎತ್ತಿಬಿಟ್ಟೆ. ನೀರಿನಲ್ಲಿ ಅದರರ್ಥ 'ಮೇಲೆ ಹೋಗೋಣ'! ಪಾಪ, ಅವರು ನನ್ನ ತೋಳು ಹಿಡಿದು ಮೇಲಕ್ಕೆ ಹೊರಟರು. ತಲೆ ಅಲ್ಲಾಡಿಸಿ, ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಿ 'ಎಲ್ಲ ಸರಿ' ಅಂತ ತೋರಿಸಿದೆ. ಮಾಸ್ಕಿನೊಳಗೇ ನಕ್ಕರು.

ಒಳಗೆ ನುಗ್ಗಲು ಬಿಡಲಿಲ್ಲ, ನಾನೂ ಕೇಳಲಿಲ್ಲ. ಬದಿಯಲ್ಲೇ ತೇಲಿದೆವು. ಕಂಬಿಗಳ ನಡುವೆ ಪುಟಾಣಿ ಮೀನುಗಳ ಹಿಂಡು, ಕರಿಮರಳಿನಲ್ಲಿ ಹುಲ್ಲಿನ ಹಾಗೆ ತಲೆಯೆತ್ತಿ ನಿಂತ ಹಾವುಮೀನುಗಳು. ಹತ್ತಿರ ಹೋದರೆ ಒಂದೊಂದಾಗಿ ಮರಳೊಳಗೆ ಮಾಯ. ಹಣೆಯುಬ್ಬಿದ ದೊಡ್ಡ ಗಿಳಿಮೀನುಗಳು ಬೆಳಗ್ಗೆ ಬೇಗ ಹೋದವರಿಗೆ ಸಿಗುತ್ತವಂತೆ. ನಾನು ತಿಂಡಿ ಮುಗಿಸಿ ಹೋಗಿದ್ದೆ!

ಮೇಲೆ ಬರುವ ಮುನ್ನ 5 ಮೀಟರಿನಲ್ಲಿ ಮೂರು ನಿಮಿಷ ನಿಂತೆವು. ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಅಂತ ಒತ್ತಡದ ಮೀಟರ್ ನೋಡಿಕೊಂಡೆ. ಇಬ್ಬರೂ 200 ಬಾರ್‌ನಿಂದ ಶುರು ಮಾಡಿದ್ದೆವು. ನನ್ನದು 60ಕ್ಕೆ ಇಳಿದಿತ್ತು, ಗೈಡಿನದು ಇನ್ನೂ 130.