ವರ್ಕ್‌ಸ್ಟೇಷನ್ ಕೀಬೋರ್ಡ್: ಕೊಳ್ಳುವ ಮುನ್ನ ಅಂಗಡಿಯಲ್ಲೇ ಒಂದು ಪಲ್ಲವಿ ಕಟ್ಟಿ ನೋಡಿ

ಕೀಬೋರ್ಡ್ ಕೊಳ್ಳಲು ಹೋದವರು ಪಿಯಾನೊ, ಸ್ಟ್ರಿಂಗ್ಸ್, ಕೊಳಲು ಎಂದು ಒಂದೊಂದೇ ಟೋನ್ ಒತ್ತಿ ಕೇಳುತ್ತ ಇಡೀ ಮಧ್ಯಾಹ್ನ ಕಳೆಯುವುದುಂಟು. ಸಾವಿರಾರು ಟೋನ್‌ಗಳಿರುವ ಇಂದಿನ ವಾದ್ಯಗಳಲ್ಲಿ ಹೀಗೆ ಕೇಳಿದರೆ ಎಲ್ಲವೂ ಚೆನ್ನಾಗಿಯೇ ಕೇಳಿಸುತ್ತವೆ. ಆಯ್ಕೆಗೆ ಅದರಿಂದ ಹೆಚ್ಚಿನ ಸಹಾಯವಾಗುವುದಿಲ್ಲ. ವರ್ಕ್‌ಸ್ಟೇಷನ್‌ಗೆ ಆ ಹೆಸರು ಬಂದದ್ದು ಅದರೊಳಗಿನ ಸೀಕ್ವೆನ್ಸರ್‌ನಿಂದ, ಅಂದರೆ ತಾಳ, ಬೇಸ್, ಸ್ಟ್ರಿಂಗ್ಸ್, ಕೊಳಲುಗಳನ್ನು ಒಂದರ ಮೇಲೊಂದರಂತೆ ನುಡಿಸಿ ದಾಖಲಿಸಿ, ಎಫೆಕ್ಟ್ ಸೇರಿಸಿ, ಕಂಪ್ಯೂಟರಿನ ನೆರವಿಲ್ಲದೆಯೇ ಹಾಡೊಂದರ ವಾದ್ಯಸಂಯೋಜನೆಯನ್ನು ಮುಗಿಸಬಲ್ಲ ಏರ್ಪಾಡಿನಿಂದ. 1988ರಲ್ಲಿ ಜಪಾನಿನ ಕೊರ್ಗ್ ಕಂಪನಿ ಹೊರತಂದ ಎಂ1 ಈ ಬಗೆಯ ವಾದ್ಯವನ್ನು ಜನಪ್ರಿಯಗೊಳಿಸಿದಾಗ ಅದರಲ್ಲಿದ್ದದ್ದು 8 ಟ್ರ್ಯಾಕ್ ಮತ್ತು 16 ಧ್ವನಿಗಳ ಪಾಲಿಫೋನಿ (ಒಮ್ಮೆಗೇ ಎಷ್ಟು ಧ್ವನಿ ನುಡಿಸಬಲ್ಲದೆಂಬ ಮಿತಿ) ಮಾತ್ರ. ಸಂಖ್ಯೆಗಳು ಈಗ ಬಹಳ ಬೆಳೆದಿವೆ, ಆದರೆ ಪರೀಕ್ಷಿಸಬೇಕಾದ ಸಂಗತಿ ಬದಲಾಗಿಲ್ಲ. ಆದ್ದರಿಂದ ಅಂಗಡಿಯವರಿಂದ ಒಂದು ಗಂಟೆಯ ಸಮಯ ಕೇಳಿ ಪಡೆದು, ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಹಾಡಿನ ಪಲ್ಲವಿಯನ್ನು ಅಲ್ಲಿಯೇ ಪೂರ್ತಿಯಾಗಿ ಕಟ್ಟಿ ನೋಡುವುದು ಒಳ್ಳೆಯದು.

ಅಂಗಡಿಗೆ ಹೋಗುವ ಮುನ್ನ

ನಿಮಗೆ ಬೇಕಾಗಿರುವುದು ವರ್ಕ್‌ಸ್ಟೇಷನ್ನೇ ಹೌದೇ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ. ಎಡಗೈಯಲ್ಲಿ ಕಾರ್ಡ್ ಹಿಡಿದೊಡನೆ ತಾಳ, ಬೇಸ್‌ಗಳ ಹಿನ್ನೆಲೆ ತಾನಾಗಿ ನುಡಿಯುವ ವಾದ್ಯಕ್ಕೆ ಅರೇಂಜರ್ ಎಂದು ಹೆಸರು. ಯಮಹಾದ ಪಿಎಸ್‌ಆರ್ ಮತ್ತು ಜೆನೋಸ್, ಕೊರ್ಗ್‌ನ ಪಿಎ ಸರಣಿಗಳು ಈ ಜಾತಿಗೆ ಸೇರಿದವು. ಮದುವೆ ಆರತಕ್ಷತೆಗಳಲ್ಲಿ, ರಸಮಂಜರಿ ಕಾರ್ಯಕ್ರಮಗಳಲ್ಲಿ ಒಬ್ಬರೇ ಕುಳಿತು ನುಡಿಸುವವರಿಗೆ ಅದೇ ಅನುಕೂಲ. ಇನ್ನು ಸದಾ ಕಂಪ್ಯೂಟರಿನ ಮುಂದೆಯೇ ಸಂಗೀತ ಕಟ್ಟುವವರಾದರೆ, ಸ್ವಂತ ಧ್ವನಿಯಿಲ್ಲದೆ, ಯಾವ ಕೀಯನ್ನು ಎಷ್ಟು ಬಲವಾಗಿ ಒತ್ತಿದಿರಿ ಎಂಬ ಸೂಚನೆಯನ್ನಷ್ಟೇ (ಇದಕ್ಕೆ ಮಿಡಿ ಎಂದು ಹೆಸರು) ಕಳಿಸುವ ಮಿಡಿ ಕಂಟ್ರೋಲರ್ ಮತ್ತು ಒಳ್ಳೆಯ ಸಾಫ್ಟ್‌ವೇರ್ ಸಾಕು. ಉಳಿದ ಹಣದಲ್ಲಿ ಒಂದು ಜೊತೆ ಮಾನಿಟರ್ ಸ್ಪೀಕರ್ ಕೊಳ್ಳಬಹುದು. ವೇದಿಕೆಗೂ ಸ್ಟುಡಿಯೊಗೂ ಒಂದೇ ವಾದ್ಯವನ್ನು ಒಯ್ಯುವವರು, ಪರದೆ ನೋಡುತ್ತ ಕುಳಿತರೆ ಹಾಡು ಹುಟ್ಟುವುದಿಲ್ಲ ಎನ್ನುವವರು ಮಾತ್ರ ಮುಂದೆ ಓದಬೇಕು.

ಕೀಗಳ ಸಂಖ್ಯೆಯನ್ನೂ ಮನೆಯಲ್ಲಿಯೇ ನಿರ್ಧರಿಸಿ. ಪಿಯಾನೊ ಅಭ್ಯಾಸವಿದ್ದವರಿಗೆ ಪಿಯಾನೊದಂತೆ ಬೆರಳಿಗೆ ಭಾರವೆನಿಸುವ (ವೆಯ್ಟೆಡ್) 88 ಕೀಗಳ ಕೀಬೋರ್ಡ್ ಹಿತವೆನಿಸುತ್ತದೆ, ಆದರೆ ಅದನ್ನು ಹೊರುವವರು ಯಾರು ಎಂಬ ಪ್ರಶ್ನೆಯೂ ಇದೆ. ಯಮಹಾದ 61 ಕೀಗಳ ಮೋಡ್‌ಎಕ್ಸ್6 ಕೇವಲ 6.6 ಕಿಲೊ ತೂಗಿದರೆ, 88 ಕೀಗಳ ಮೊಂಟಾಜ್8 ತೂಗುವುದು 29 ಕಿಲೊ.

ಪಲ್ಲವಿ ಕಟ್ಟುವ ಕ್ರಮ

ಮೊದಲು ತಾಳ ಹೊಂದಿಸಿ. ನಮ್ಮ ಹಾಡುಗಳೆಲ್ಲ ನಾಲ್ಕರ ಲೆಕ್ಕದಲ್ಲಿ ಕೂರುವುದಿಲ್ಲ. ಖಂಡಛಾಪುವಿಗೆ ಐದು, ಮಿಶ್ರಛಾಪುವಿಗೆ ಏಳರ ಎಣಿಕೆ ಬೇಕು. ಸೀಕ್ವೆನ್ಸರ್ ಅದಕ್ಕೆ ಎಷ್ಟು ಸಲೀಸಾಗಿ ಒಪ್ಪುತ್ತದೆ, ಮೆಟ್ರೊನೋಮ್ ಆ ಎಣಿಕೆಯ ಸಮವನ್ನು ಸರಿಯಾಗಿ ಎತ್ತಿ ತೋರಿಸುತ್ತದೆಯೇ ಎಂದು ಗಮನಿಸಿ. ಅನಂತರ ತಬಲಾ ಅಥವಾ ಡ್ರಮ್ಸ್ ನುಡಿಸಿ ದಾಖಲಿಸಿ, ಕ್ವಾಂಟೈಸ್ ಮಾಡಿ (ಹಿಂದುಮುಂದಾದ ಪೆಟ್ಟುಗಳನ್ನು ತಾಳಕ್ಕೆ ಸರಿಯಾಗಿ ಕೂರಿಸಿ) ಕೇಳಿ, ಅದನ್ನು ರದ್ದುಗೊಳಿಸಿ ಮತ್ತೆ ಕೇಳಿ. ಇಷ್ಟು ಕೆಲಸಕ್ಕೆ ಎಷ್ಟು ಬಾರಿ ಮೆನು ಬದಲಿಸಬೇಕಾಯಿತು ಎಂಬುದನ್ನು ಎಣಿಸಿಟ್ಟುಕೊಳ್ಳಿ, ಏಕೆಂದರೆ ಕೊಂಡ ಮೇಲೆ ವರ್ಷಗಟ್ಟಲೆ ನಿಮ್ಮ ಸಹನೆಯನ್ನು ಪರೀಕ್ಷಿಸುವುದು ಆ ಸಂಖ್ಯೆಯೇ.

ವಾದ್ಯಗಳ ನಡುವಿನ ನಿಜವಾದ ಭೇದ ಕಾಣಿಸುವುದು ಇದರ ಮುಂದಿನ ಹಂತದಲ್ಲಿ. 2020ರಲ್ಲಿ ಪ್ರಕಟವಾದ ಕೊರ್ಗ್ ನಾಟಿಲಸ್‌ನ ಸೀಕ್ವೆನ್ಸರ್ ಹಾಡಿನ ಮೊದಲಿನಿಂದ ಕೊನೆಯವರೆಗೆ ನೇರವಾಗಿ ಸಾಗುವಂಥದು. ಅದರಲ್ಲಿ 16 ಮಿಡಿ ಟ್ರ್ಯಾಕ್‌ಗಳ ಜೊತೆಗೆ 16 ಆಡಿಯೊ ಟ್ರ್ಯಾಕ್‌ಗಳಿರುವುದರಿಂದ ಗಾಯಕರ ಕಂಠವನ್ನೂ ಅದರಲ್ಲಿಯೇ ದಾಖಲಿಸಬಹುದು. ರೋಲ್ಯಾಂಡ್ ಕಂಪನಿಯು 2019ರಲ್ಲಿ ತಂದ ಫ್ಯಾಂಟಮ್ ಮತ್ತು 2022ರಲ್ಲಿ ತಂದ ಅದರ ಹಗುರ ರೂಪವಾದ ಫ್ಯಾಂಟಮ್-0 ಸರಣಿಯಲ್ಲಿ ಚಿಕ್ಕ ಚಿಕ್ಕ ಪ್ಯಾಟರ್ನ್‌ಗಳನ್ನು ಮಾಡಿಕೊಂಡು, ಅವುಗಳನ್ನು ಜೋಡಿಸಿ ಹಾಡು ಕಟ್ಟುವ ಪದ್ಧತಿಯಿದೆ. ಮೋಡ್‌ಎಕ್ಸ್‌ನಲ್ಲಿಯೂ ಪ್ಯಾಟರ್ನ್ ಸೀಕ್ವೆನ್ಸರ್ ಇದೆ. ಇವುಗಳಲ್ಲಿ ಯಾವುದು ಮೇಲು ಎಂದು ಕೇಳುವುದಕ್ಕಿಂತ ನಿಮ್ಮ ಹಾಡುಗಳ ಸ್ವರೂಪ ಎಂಥದು ಎಂದು ಕೇಳಿಕೊಳ್ಳಬೇಕು. ನೃತ್ಯಕ್ಕೆ, ಜಾಹೀರಾತಿಗೆ, ಒಂದೇ ಲಯ ಮರಳಿ ಮರಳಿ ಬರುವ ಗೀತೆಗಳಿಗೆ ಪ್ಯಾಟರ್ನ್ ಪದ್ಧತಿ ಬಹಳ ಬೇಗ ಫಲ ಕೊಡುತ್ತದೆ. ಭಾವಗೀತೆಯಲ್ಲಾದರೋ ಪಲ್ಲವಿ ಮರಳಿ ಬಂದರೂ ಚರಣಗಳ ನಡುವಿನ ವಾದ್ಯಸಂಗೀತ ಪ್ರತಿ ಬಾರಿಯೂ ಬೇರೆಯಾಗಿರುತ್ತದೆ, ಗಾಯಕರು ಸಾಲಿನ ಕೊನೆಯಲ್ಲಿ ಒಂದು ಆವರ್ತ ಹೆಚ್ಚು ತೆಗೆದುಕೊಳ್ಳುವುದೂ ಇದೆ. ಅಂಥ ಕೆಲಸಕ್ಕೆ ನೇರ ಸೀಕ್ವೆನ್ಸರೇ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಈಗ ಕೊಳಲಿನ ಸಾಲನ್ನು ಸೇರಿಸಿ. ಕೀಗಳ ಮೇಲೆ ಬಿಡಿಬಿಡಿಯಾಗಿ ನಿಲ್ಲುವ ಸ್ವರಗಳಿಗೆ ಗಮಕ ಕೊಡುವುದು ಸ್ವರವನ್ನು ಮೇಲೆ ಕೆಳಗೆ ಎಳೆಯುವ ಪಿಚ್ ಬೆಂಡ್‌ನಿಂದಲೇ ಆದ್ದರಿಂದ ಎಡಗೈ ಬಳಸುವ ಈ ಸಾಧನವನ್ನು ಹತ್ತು ನಿಮಿಷವಾದರೂ ಆಡಿಸಿ ನೋಡಿ. ಯಮಹಾದಲ್ಲಿ ಚಕ್ರಗಳಿವೆ, ಕೊರ್ಗ್‌ನಲ್ಲಿ ನಾಲ್ಕು ದಿಕ್ಕಿಗೂ ಆಡುವ ಜಾಯ್‌ಸ್ಟಿಕ್, ರೋಲ್ಯಾಂಡ್‌ನಲ್ಲಿ ಅಕ್ಕಪಕ್ಕಕ್ಕೆ ಸರಿಯುವ ಸನ್ನೆಕೋಲು. ಬೆಂಡ್‌ನ ವ್ಯಾಪ್ತಿ ಸಾಮಾನ್ಯವಾಗಿ ಎರಡು ಸೆಮಿಟೋನ್‌ಗೆ ನಿಗದಿಯಾಗಿರುತ್ತದೆ. ತೋಡಿಯಂಥ ರಾಗದ ಎಳೆತಕ್ಕೆ ಅದನ್ನು ಹೆಚ್ಚಿಸಿಕೊಳ್ಳಬೇಕಾಗಬಹುದು, ಆಗ ಬೆರಳಿನ ಹದವೂ ಬದಲಾಗುತ್ತದೆ. ಒತ್ತಿದ ಕೀಯನ್ನು ಇನ್ನಷ್ಟು ಅದುಮಿದಾಗ ಧ್ವನಿಯಲ್ಲಿ ಕಂಪನ ತರುವ ಆಫ್ಟರ್‌ಟಚ್ ಕೂಡ ಇಲ್ಲಿ ಉಪಯುಕ್ತ. ಮೋಡ್‌ಎಕ್ಸ್, ಫ್ಯಾಂಟಮ್-0 ಮತ್ತು ಮೊದಲ ನಾಟಿಲಸ್‌ಗಳ ಕೀಗಳಲ್ಲಿ ಈ ಸೌಲಭ್ಯವಿಲ್ಲ. ಮೊಂಟಾಜ್, ದೊಡ್ಡ ಫ್ಯಾಂಟಮ್ ಮತ್ತು ಅನಂತರ ಬಂದ ನಾಟಿಲಸ್ ಎಟಿ ಮಾದರಿಗಳಲ್ಲಿದೆ. ಹೆಚ್ಚು ಬೆಲೆ ತೆರುವುದಿದ್ದರೆ ಸಾವಿರ ಟೋನ್‌ಗಳಿಗಿಂತ ಇದಕ್ಕೆ ತೆರುವುದು ಲೇಸು.

ಹಿನ್ನೆಲೆಯಲ್ಲಿ ಶ್ರುತಿ ಹಿಡಿದಿಟ್ಟು, ಪೆಡಲ್ ಒತ್ತಿಕೊಂಡು ಪಿಯಾನೊ ಮತ್ತು ಸ್ಟ್ರಿಂಗ್ಸ್ ನುಡಿಸಿದರೆ ಪಾಲಿಫೋನಿಯ ಪರೀಕ್ಷೆಯೂ ಮುಗಿಯುತ್ತದೆ. ಸ್ಟೀರಿಯೊ ಧ್ವನಿಗಳೂ ಪದರಗಳಿರುವ ಟೋನ್‌ಗಳೂ ಒಂದೇ ಕೀಗೆ ಹಲವು ಧ್ವನಿಗಳನ್ನು ಬಳಸಿಕೊಳ್ಳಬಹುದಾದ್ದರಿಂದ 128 ಧ್ವನಿಗಳ ಪಾಲಿಫೋನಿಯೂ ಕೆಲವೊಮ್ಮೆ ಕಡಿಮೆ ಬೀಳುತ್ತದೆ. ಶ್ರುತಿ ನಡುವೆ ಕಡಿದುಹೋದರೆ ಮಿತಿ ಮುಟ್ಟಿದೆ ಎಂದು ತಿಳಿಯಿರಿ.

ಬೆಲೆ ಮಾತಾಡುವ ಮೊದಲು

ನಮ್ಮ ವಾದ್ಯಗಳ ಧ್ವನಿ ಕಾರ್ಖಾನೆಯ ಟೋನ್‌ಗಳಲ್ಲಿ ತೃಪ್ತಿಕರವಾಗಿರುವುದು ಅಪರೂಪ. ತಮಟೆ, ಡೊಳ್ಳು, ನಾದಸ್ವರಗಳ ಸ್ಯಾಂಪಲ್‌ಗಳನ್ನು (ನಿಜವಾದ ವಾದ್ಯದಿಂದ ದಾಖಲಿಸಿದ ಧ್ವನಿಗಳನ್ನು) ನೀವೇ ಸೇರಿಸಬೇಕೆಂದಿದ್ದರೆ ಬಳಕೆದಾರರಿಗೆ ಬಿಟ್ಟಿರುವ ಮೆಮೊರಿ ಎಷ್ಟು, ಕರೆಂಟ್ ಹೋದ ಮೇಲೂ ಅದು ಉಳಿಯುತ್ತದೆಯೇ ಎಂದು ಕೇಳಿ. ಮೋಡ್‌ಎಕ್ಸ್‌ನಲ್ಲಿ ಇದಕ್ಕೆ 1 ಜಿಬಿ, ಮೊದಲ ಮೊಂಟಾಜ್‌ನಲ್ಲಿ 1.75 ಜಿಬಿ ಫ್ಲ್ಯಾಶ್ ಮೆಮೊರಿ (ಕರೆಂಟ್ ಹೋದರೂ ಅಳಿಯದಂಥದು) ಇದೆ.

ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಆಡಿಯೊ ಕಳಿಸುವ ಸೌಲಭ್ಯವಿದ್ದರೆ ಅದರ ಸ್ಯಾಂಪಲ್ ದರವನ್ನೂ (ಧ್ವನಿಯನ್ನು ಸೆಕೆಂಡಿಗೆ ಎಷ್ಟು ಬಾರಿ ಅಳೆದು ದಾಖಲಿಸುತ್ತದೆ ಎಂಬುದನ್ನು) ವಿಚಾರಿಸಿ. ವಿಡಿಯೊ ಕೆಲಸದಲ್ಲಿ 48 ಕಿಲೊಹರ್ಟ್ಸ್ ರೂಢಿ, ಮೋಡ್‌ಎಕ್ಸ್ ಕಳಿಸುವುದು 44.1ರಲ್ಲಿ, ಪರಿವರ್ತನೆ ಸಾಧ್ಯವಿದ್ದರೂ ಅದೊಂದು ಹೆಚ್ಚುವರಿ ಕೆಲಸ.

ವೇದಿಕೆಯಲ್ಲಿ ನುಡಿಸುವವರು ವಾದ್ಯವನ್ನು ಒಮ್ಮೆ ಆರಿಸಿ ಮತ್ತೆ ಚಾಲೂ ಮಾಡಿ ಗಡಿಯಾರ ನೋಡಬೇಕು. ಜಾತ್ರೆಯೊಂದರಲ್ಲಿ ಜನರೇಟರಿಗೆ ಬದಲಾಗುವ ಹೊತ್ತಿನಲ್ಲಿ ಕೀಬೋರ್ಡ್ ಆರಿಹೋಗಿ, ಅದು ಮತ್ತೆ ಸಿದ್ಧವಾಗುವವರೆಗೆ ಗಾಯಕಿಯೂ ತಬಲಾದವರೂ ಇಬ್ಬರೇ ಪಲ್ಲವಿಯನ್ನು ಸುತ್ತಿ ಸುತ್ತಿ ಹಾಡಿದ್ದನ್ನು ನಾನು ಕಂಡಿದ್ದೇನೆ. ಅಮೆರಿಕದಲ್ಲಿರುವ ಬಂಧುಗಳಿಂದ ತರಿಸಿಕೊಳ್ಳುವವರು ಹಿಂಬದಿಯ ಚೀಟಿಯಲ್ಲಿ 120 ವೋಲ್ಟ್ ಎಂದಷ್ಟೇ ಇದೆಯೇ ಎಂದು ನೋಡಿ, ಅಲ್ಲಿನ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ವಿಚಾರಿಸಿದ ಮೇಲೆಯೇ ಹಣ ಕಳಿಸಬೇಕು.

ಕೊನೆಯದಾಗಿ, ಕಟ್ಟಿದ ಪಲ್ಲವಿಯನ್ನು ವೇವ್ ಫೈಲ್ ಆಗಿ ಪೆನ್‌ಡ್ರೈವ್‌ಗೆ ಇಳಿಸಿಕೊಂಡು ಮನೆಗೆ ಬನ್ನಿ. ಎರಡು ಮೂರು ವಾದ್ಯಗಳಲ್ಲಿ ಕಟ್ಟಿದ ಅದೇ ಪಲ್ಲವಿಯನ್ನು ಮರುದಿನ ಬೆಳಗ್ಗೆ, ನಿಮಗೆ ಪರಿಚಯವಿರುವ ಹೆಡ್‌ಫೋನಿನಲ್ಲಿ, ಯಾವುದು ಯಾವ ವಾದ್ಯದ್ದೆಂದು ನೋಡದೆ ಕೇಳಿ ಗುರುತು ಹಾಕಿಕೊಳ್ಳಿ. ಬೆಲೆಯ ಚೌಕಾಸಿಗೆ ಅದಾದ ಮೇಲೆ ಹೋಗಬಹುದು.