ರೊಟ್ಟಿ ಬಡಿಯುವ ಸದ್ದಿಗೆ ಕೆಳಮನೆಯವರ ದೂರು: ಜರ್ಮನಿಯಲ್ಲಿ ಬಗೆಹರಿದದ್ದು ಹೀಗೆ

ರಾಯಚೂರಿನಿಂದ ಜೋಳದ ಹಿಟ್ಟು ಹೊತ್ತು ಜರ್ಮನಿಗೆ ಹೋದವರಿಗೆ ಈ ದೂರು ಬಂದರೆ ಅಚ್ಚರಿಯಿಲ್ಲ: ‘ದಿನಾ ಸಂಜೆ ಸುತ್ತಿಗೆ ಹೊಡೀತೀರಿ.’ ಸುತ್ತಿಗೆಯಲ್ಲ, ರೊಟ್ಟಿ.

ಕಿಟಕಿ, ಬಾಗಿಲು ಮುಚ್ಚಿ ಫಲವಿಲ್ಲ. ಈ ಪೆಟ್ಟು ಗಾಳಿಯಲ್ಲಿ ಹೋಗುವುದು ಕಡಿಮೆ. ಅಡುಗೆ ಕಟ್ಟೆ, ಗೋಡೆ, ನೆಲ ಹಿಡಿದು ಕೆಳಗಿಳಿಯುತ್ತದೆ. ಆದ್ದರಿಂದ ಕಟ್ಟೆ ಬಿಟ್ಟು, ಗೋಡೆಗೆ ತಾಗದ ಗಟ್ಟಿ ಮೇಜಿಗೆ ಬಂದೆ. ಮೇಜಿನ ನಾಲ್ಕೂ ಕಾಲಿಗೆ 1 ಸೆಂ.ಮೀ. ದಪ್ಪದ ರಬ್ಬರ್ ತುಂಡು, ಹಲಗೆಯಡಿ ಒದ್ದೆ ಮಾಡಿ ಹಿಂಡಿದ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಹಾಕಿದೆ. ಮೆತ್ತನೆ ಸ್ಪಂಜು ಬೇಡ: ಹಲಗೆ ಕುಣಿಯುತ್ತದೆ, ರೊಟ್ಟಿ ಅಂಚಲ್ಲಿ ಸೀಳುತ್ತದೆ. ಶೇಂಗಾ ಚಟ್ನಿಪುಡಿಯ ಮಿಕ್ಸಿಗೂ ಅದೇ ರಬ್ಬರ್.

ಅಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ. ಭಾನುವಾರ, ಹಬ್ಬದ ರಜೆಯಲ್ಲಿ ದಿನವಿಡೀ ಶಾಂತಿ ಬೇಕು. ಮಧ್ಯಾಹ್ನದ ನಿಯಮ ಕಟ್ಟಡಕ್ಕೊಂದು ಥರ, ಬಾಡಿಗೆ ಕರಾರಿನ ಜೊತೆ ಕೊಡುವ ಕಟ್ಟಡದ ನಿಯಮಪಟ್ಟಿ ‘ಹೌಸ್‌ಓರ್ಡ್ನುಂಗ್’ ಓದಿ. ತಡವಾದ ದಿನ ಕುದಿಯುವ ನೀರಲ್ಲಿ ಹಿಟ್ಟು ಮುದ್ದೆ ಮಾಡಿ ನಾದಿ ಲಟ್ಟಿಸುವುದೇ ಸರಿ. ಬಡಿದ ರೊಟ್ಟಿಯ ರುಚಿ ಬರಲ್ಲ, ಇರಲಿ.

ಇನ್ನೊಂದು ಸದ್ದು ಯಾರಿಗೂ ಹೊಳೆಯುವುದಿಲ್ಲ: ಫೋನು. ಚಳಿಗಾಲದಲ್ಲಿ ಅಲ್ಲಿಗೂ ಇಲ್ಲಿಗೂ ನಾಲ್ಕೂವರೆ ತಾಸು, ಬೇಸಿಗೆಯಲ್ಲಿ ಮೂರೂವರೆ ತಾಸು ಅಂತರ. ಚಳಿಗಾಲದಲ್ಲಿ ಅವ್ವ ಬೆಳಿಗ್ಗೆ 6ಕ್ಕೆ ಮಾಡಿದ ಫೋನು ಅಲ್ಲಿ ನಡುರಾತ್ರಿ 1:30ಕ್ಕೆ ಸ್ಪೀಕರ್‌ನಲ್ಲಿ ಮೊಳಗುತ್ತದೆ. ಇಯರ್‌ಫೋನ್ ಹಾಕಿ, ದನಿಯನ್ನೂ ಇಳಿಸಿ.

ದೂರು ತಂದವರನ್ನು ‘ಯಾವ ಹೊತ್ತಿಗೆ, ಯಾವ ಕೋಣೆಯಲ್ಲಿ?’ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಮಾಲೀಕರಿಂದ ಲಿಖಿತ ಎಚ್ಚರಿಕೆ ಬಂದರೆ ಮಾತ್ರ ಸುಮ್ಮನಿರಬೇಡಿ. ಆ ಪಟ್ಟಿ ಹಿಡಿದು ಊರಿನ ಬಾಡಿಗೆದಾರರ ಸಂಘಕ್ಕೆ ಹೋಗಿ.