ಹಬ್ಬದ ಬೆಳಗ್ಗೆ ಅಜ್ಜಿ ಕೈಗೆ ಒಳಲೆ ಕೊಡಿ

ನರಕ ಚತುರ್ದಶಿಯ ಎಣ್ಣೆಸ್ನಾನಕ್ಕೆ ಮನೆಯವರೆಲ್ಲ ಬೆಳಗಿನ ಜಾವವೇ ಏಳುತ್ತಾರೆ. ಬಾಣಂತಿಗೆ ಆ ಹೊತ್ತಲ್ಲಿ ಎರಡು ಗಂಟೆ ನಿದ್ದೆ ಸಿಕ್ಕರೆ ಅದೇ ಹಬ್ಬ. ಸ್ಟೀಲ್ ಡಬ್ಬಿಯನ್ನು ಮೊದಲೇ ನೀರಲ್ಲಿ ಕುದಿಸಿ ಆರಿಸಿಕೊಳ್ಳಿ; ರಾತ್ರಿಯೇ ಹಿಂಡಿದ ಎದೆಹಾಲನ್ನು ಅದರಲ್ಲಿ ಹಾಕಿ ಮುಚ್ಚಿ ಫ್ರಿಜ್ಜಿನ ಒಳಗಡೆ ಇಡಿ. ಬಾಗಿಲಲ್ಲಿ ಬೇಡ, ಅಲ್ಲಿ ತಂಪು ಏರಿಳಿಯುತ್ತದೆ. ಕುಡಿಸುವ ಮುಂಚೆ ಒಲೆ ಮೇಲೆ ಕಾಯಿಸದೆ, ಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿಡಿ. ಮೇಲೆ ಕೆನೆ ತೇಲಿದರೆ ಕೆಟ್ಟಿದೆ ಎಂದಲ್ಲ (ಎಷ್ಟೋ ಮನೆಯಲ್ಲಿ ಚೆಲ್ಲಿಬಿಡುತ್ತಾರೆ!), ಮೆಲ್ಲಗೆ ಅಲುಗಿಸಿದರೆ ಬೆರೆಯುತ್ತದೆ. ಮಗುವಿನ ತಲೆ ಎತ್ತಿ ಹಿಡಿದು, ಒಳಲೆಯ (ಮಗುವಿಗೆ ಹಾಲು ಕುಡಿಸುವ, ಮೂತಿಯಿರುವ ಪುಟ್ಟ ಬಟ್ಟಲು) ತುದಿಯನ್ನು ತುಟಿಯಂಚಿಗೆ ತಾಗಿಸಿ. ಒಂದು ಗುಟುಕು ನುಂಗಿದ ಮೇಲೇ ಮುಂದಿನದು, ಸುರಿದರೆ ನೆತ್ತಿಗೇರುತ್ತದೆ. ಕುಡಿದು ಉಳಿದದ್ದನ್ನು 2 ಗಂಟೆ ದಾಟಿದರೆ ಚೆಲ್ಲಿ.

ಎದ್ದ ಮೇಲೆ ಅಜ್ಜಿಗೊಂದು ಲೋಟ ಕಾಫಿ ನೀವೇ ಕೊಡಿ.